ಮೂರನೆಯ ಮೆಟ್ಟಿಲು

“ಗೇಟು ತೆಗೀಲಾ ಅಂದ್ರೆ ಪಾಸು ಕೇಳ್ತೀಯ? ನೀನು ನಿಂತಿರಾದು ನಮ್ಮ ಉಳ್ಳಿ ಒಲ ಕಣಲಾ! ಕುರ್ಚಿ ಆಕ್ಕೊಂಡಿದ್ದೀಯಲ್ಲ, ಅಲ್ಲೇ ನಮ್ಮ ಎಮ್ಮೆ ಕಟ್ತಾ ಇದ್ದಿದ್ದು. ಎಮ್ಮೆನೇ ವಾಸಿ, ಒಂದು ಮಾತಂದ್ರೆ ಪಕ್ಕಕ್ಕೆ ಸರೀತಿತ್ತು!”

ಪ್ರಯೋಗಾಲಯದ ಕಾವಲುಗಾರ ತನ್ನ ಕುರ್ಚಿಯನ್ನು ಒಮ್ಮೆ ತಿರುಗಿ ನೋಡಿದ. ಹೋಲಿಕೆಯಲ್ಲಿ ತಾನು ಸೋತದ್ದು ಅವನಿಗೆ ತಿಳಿಯಿತು. ಆದರೂ ಗೇಟು ತೆರೆಯಲಿಲ್ಲ.

ಚಿಕ್ಕಮುನಿಯಮ್ಮ ಕೈಯಲ್ಲಿದ್ದ ಊಟದ ಡಬ್ಬಿಯನ್ನು ಗೇಟಿನ ಸರಳಿಗೆ ಕುಟ್ಟಿದರು. ಬೊಮ್ಮಸಂದ್ರದ ಆ ಸಾಲಿನಲ್ಲಿ ಎಡಕ್ಕೆ ಮಾತ್ರೆ ಕಾರ್ಖಾನೆ, ಬಲಕ್ಕೆ ಬೋಲ್ಟ್ ಕಾರ್ಖಾನೆ. ಎರಡೂ ಕಡೆಯ ಶಿಫ್ಟಿನವರು ಬಸ್ಸು ಬಂದು ನಿಂತಿದ್ದರೂ ಹತ್ತದೆ ಇತ್ತಲೇ ನೋಡುತ್ತಿದ್ದರು. ಕಂಡಕ್ಟರೂ ನೋಡುತ್ತಿದ್ದ.

“ಡಬ್ಬಿ ನನ್ನ ಕೈಗೆ ಕೊಡಿ ಚಿಕ್ಕಮುನಿಯಮ್ಮ. ನಾನು ಒಳಗೆ ಹೋಗ್ತಾ ಇದ್ದೀನಿ, ಅನುಸೂಯಂಗೆ ಕೊಡ್ತೀನಿ.”

ಚಿಕ್ಕಮುನಿಯಮ್ಮ ತಿರುಗಿ, ಮಾತಾಡಿದಾಕೆಯನ್ನು ತಲೆಯಿಂದ ಕಾಲಿನವರೆಗೆ ಅಳೆದರು. ನರೆತ ಕೂದಲಿನ ಗಂಟು, ಬಟ್ಟೆಯ ಕೈಚೀಲ, ರಬ್ಬರ್ ಚಪ್ಪಲಿ.

“ನೀವೇನಾ ನನ್ನ ಮಗಳು ಗೊತ್ತು ಮಾಡಿರೋ ಪತ್ತೇದಾರಮ್ಮ? ಪೊಲೀಸ್ನೋರ ತರ ಇಲ್ವಲ್ಲ.”

“ಅದಕ್ಕೇ ಜನ ನನ್ನ ಹತ್ರ ಮಾತಾಡ್ತಾರೆ.”

“ಮಾತಾಡಾಕೆ ಏನೈತೆ? ನನ್ನ ಮಗಳು ಎಂಟನೇ ಕ್ಲಾಸ್ನಾಗೆ ಅವರಪ್ಪನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದೋಳು. ಒಂದು ಸ್ಕ್ರೂ ಮಿಗಲಿಲ್ಲ. ಅಂತೋಳು ಬೇಕು ಬೇಕಂತ ತಂತಿ ಸುಟ್ಲು ಅಂತಾನಲ್ಲ ಆ ಡೈರೆಕ್ಟ್ರು, ಅವನ ಬಾಯಿಗೆ ಮಣ್ಣಾಕ! ಸಾಯಂಕಾಲ ಪೊಲೀಸ್ ಕರೆಸ್ತಾನಂತೆ. ಕರೆಸ್ಲಿ. ಮೊದ್ಲು ನನ್ನ ಕರ್ಕೊಂಡೋಗ್ಲಿ!”

ಸುಬ್ಬಲಕ್ಷ್ಮಮ್ಮ ತಲೆಯಾಡಿಸಿ ಡಬ್ಬಿ ತೆಗೆದುಕೊಂಡರು. ವೈಟ್‌ಫೀಲ್ಡಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು ಕೂತವರು ಅವರು. ಗಂಡಂದಿರು ಹೆಂಡಂದಿರಿಗೆ, ಮ್ಯಾನೇಜರುಗಳು ಮಾಲೀಕರಿಗೆ ಹೇಳುವ ಸುಳ್ಳನ್ನು ಕೇಳಿ ಕೇಳಿ ಒಂದು ವಿದ್ಯೆ ಅವರಿಗೆ ತಾನಾಗಿ ಒಲಿದಿತ್ತು. ಸುಳ್ಳು ಹೇಳುವವರು ಮೊದಲ ಮಾತಿಗೆ ಮುಂಚೆ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಾರೆ. ನಿವೃತ್ತಿಯ ಮೇಲೆ ಆ ವಿದ್ಯೆ ಹಾಳಾಗಬಾರದೆಂದು ಪತ್ತೇದಾರಿಕೆಗೆ ಇಳಿದಿದ್ದರು.

ಚಿಕ್ಕಮುನಿಯಮ್ಮನ ಬೈಗುಳದಲ್ಲಿ ಎಲ್ಲೂ ಅಂಥ ಉಸಿರು ಇರಲಿಲ್ಲ. ಅಸಲಿಗೆ ಉಸಿರೇ ಇರಲಿಲ್ಲ.

*

“ವಿಚಾರಣೆ ಸಮಿತಿಯೋರು ಊಟ ಮಾಡ್ತಾ ಇದ್ದಾರೆ ಮೇಡಂ. ಊಟ ಆದ್ಮೇಲೆ ನನ್ನ ತಿಂತಾರೆ.”

ಅನುಸೂಯ ಅಮ್ಮ ಕಳಿಸಿದ ಡಬ್ಬಿಯನ್ನು ತೆರೆಯದೆ ಅಳತೆ ಕೋಣೆಯ ಮೇಜಿನ ಮೇಲೆ ಕುಕ್ಕಿದಳು. ಡಾಕ್ಟರೇಟ್ ಪಡೆದು, ಹೊರದೇಶಕ್ಕೆ ಹೋಗೆಂದವರಿಗೆಲ್ಲ ಇಲ್ಲವೆಂದು ಹೇಳಿ, ತನ್ನ ಅಜ್ಜ ಹುರುಳಿ ಬಿತ್ತಿದ ಹೊಲದ ಮೇಲೆ ಎದ್ದ ಈ ಪ್ರಯೋಗಾಲಯವನ್ನು ಸೇರಿದ್ದವಳು. ಇವತ್ತು ಸಂಜೆಯೊಳಗೆ ಕೆಲಸ ಹೋಗುತ್ತದೆ, ಸರ್ಕಾರದ ಸಲಕರಣೆಯನ್ನು ಬೇಕೆಂದೇ ನಾಶ ಮಾಡಿದಳೆಂದು ಪೊಲೀಸ್ ಕೇಸಾಗುತ್ತದೆ. ದೂರು ಆಗಲೇ ಟೈಪಾಗಿತ್ತು. ಟೈಪಿಸ್ಟ್ ಎರಡು ಕಡೆ ಅವಳ ಹೆಸರನ್ನು ತಪ್ಪಾಗಿ ಹೊಡೆದಿದ್ದ. ಅದಕ್ಕೂ ಅವಳಿಗೆ ಸಿಟ್ಟಿತ್ತು.

“ಇನ್ನೊಂದ್ಸಲ ಹೇಳಮ್ಮ. ನನಗೆ ತಿಳಿಯೋ ಹಾಗೆ. ಸತ್ತದ್ದು ಏನು?”

“ಹೊರಗೆ ಶಿಫ್ಟ್ ಬಿಟ್ಟಾಗ ನೋಡಿದ್ರಲ್ಲ? ದೊಡ್ಡ ಗೇಟು ತೆಗೆದ್ರೆ ಜನ ನುಗ್ತಾರೆ, ಯಾರು ಎತ್ತ ಹೋದ್ರು ಹೇಳಕ್ಕಾಗಲ್ಲ. ಚಿಕ್ಕ ಗೇಟು ತೆಗೆದ್ರೆ ಒಂದೇ ಸಾಲು. ಇನ್ನಷ್ಟು ತೆಗೆದ್ರೆ ಎರಡು ಸಾಲು. ಒಂದೂವರೆ ಸಾಲು ಅಂತ ಇರಲ್ಲ. ಎಲೆಕ್ಟ್ರಾನೂ ಅಷ್ಟೇ. ಎಳ್ಳುಕಾಳಿನಷ್ಟು ಚಿಪ್ ಒಳಗೆ ದಾರಿನ ತುಂಬ ತುಂಬ ಕಿರಿದು ಮಾಡಿ, ಹೀಲಿಯಂ ದ್ರವದಲ್ಲಿ ಮುಳುಗಿಸಿ ತಣ್ಣಗೆ ಮಾಡಬೇಕು. ಅದೇ ನಮ್ಮ ಕ್ವಾಂಟಂ ತಂತಿ. ಆಮೇಲೆ ದಾರಿನ ಸ್ವಲ್ಪ ಸ್ವಲ್ಪವೇ ಅಗಲ ಮಾಡ್ತಾ ಹೋದ್ರೆ ಕರೆಂಟು ಇಳಿಜಾರಿನ ಹಾಗೆ ಏರಲ್ಲ ಮೇಡಂ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಒಂದು ಸಾಲಿಗೆ ಒಂದು ಮೆಟ್ಟಿಲು.”

ಹೇಳುವಷ್ಟು ಹೊತ್ತು ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮಾತು ಮುಗಿದದ್ದೇ ಅದು ವಾಪಸು ಬಂತು.

“ಪರದೇಶದೋರು ಈ ವರ್ಷ ತೋರ್ಸಿದ್ರು. ನಾನು ಇಲ್ಲಿ ತೋರ್ಸಬೇಕು ಅಂತಿದ್ದೆ. ಈಗ ಡೈರೆಕ್ಟ್ರು ಹೇಳ್ತಾರೆ, ಆಯುಧಪೂಜೆ ಹಿಂದಿನ ದಿನ ಬೆಳಿಗ್ಗೆ ಅವರೊಬ್ಬರೇ ಕೂತು ನನ್ನ ತಂತಿ ಅಳೆದ್ರಂತೆ, ಮೆಟ್ಟಿಲು ಬಂತಂತೆ. ಮಧ್ಯಾಹ್ನ ನಾನು ಕನೆಕ್ಷನ್ ಬದಲಾಯಿಸಿದ ಮೇಲೆ ತಂತಿ ಸತ್ತಿತ್ತು. ಅದಕ್ಕೆ ನಾನೇ ಸುಟ್ಟಿದ್ದು. ಹೊಟ್ಟೆಕಿಚ್ಚಿಗೆ!”

“ಅಷ್ಟು ಸುಲಭಕ್ಕೆ ಸುಡುತ್ತಾ?”

“ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಅನ್ನಲ್ವಾ? ಅದು ಬೇಡ, ಅದರಲ್ಲಿ ಒಂದು ಚಟ ಸಾಕು. ಅದಕ್ಕೇ ಇಲ್ಲಿ ಎಲ್ಲರೂ ಕೈಗೆ ಲೋಹದ ಪಟ್ಟಿ ಕಟ್ಟಿ ಅರ್ತ್ ಮಾಡ್ಕೊಂಡೇ ಮುಟ್ಟೋದು.”

“ನೀನು ಕಟ್ಟಿರಲಿಲ್ವಾ?”

“ಕಟ್ಟಿದ್ದೆ!” ಅವಳು ಮೇಜು ಗುದ್ದಿದ ರಭಸಕ್ಕೆ ಡಬ್ಬಿ ಹಾರಿ ಬಿತ್ತು. “ಆ ಚಿಪ್‌ಗೆ ಚಿನ್ನದ ಎಳೆ ಬೆಸೆಯೋ ಕೈ ಈ ಹೊಸೂರು ರೋಡಲ್ಲಿ ಇರೋದೇ ಒಂದು. ಇದು. ಬೇರೆ ಯಾರು ಕೂರಿಸಿದ್ರೂ ಅದು ಬದುಕಲ್ಲ. ಡೈರೆಕ್ಟ್ರು ಮುಟ್ಟಿದ್ರಂತೂ ಮರದ ಸ್ಕೇಲೂ ಬದುಕಲ್ಲ!”

“ಅವರು ತೆಗೆದ ಗ್ರಾಫಲ್ಲಿ ಏನಿದೆ?”

ಅನುಸೂಯ ಒಂದು ಸಣ್ಣ ಉಸಿರು ಎಳೆದುಕೊಂಡಳು. “ತೋರ್ಸಿದ್ರೆ ತಾನೇ? ಎಷ್ಟು ಸಲ ಕೇಳಿದೆ. ಇವತ್ತಿನವರೆಗೂ ನನ್ನ ಕಣ್ಣಿಗೆ ಬಿದ್ದಿಲ್ಲ.”

ಸುಬ್ಬಲಕ್ಷ್ಮಮ್ಮನ ಕಿವಿ ನೆಟ್ಟಗಾಯಿತು. ಆದರೆ ಮೇಜು ಗುದ್ದಿದವರು ಉಸಿರು ಎಳೆದುಕೊಳ್ಳದೆ ಇನ್ನೇನು ಮಾಡುತ್ತಾರೆ ಎಂದು ತಾವೇ ಸಮಾಧಾನ ಹೇಳಿಕೊಂಡರು.

“ಅದು ಸುಳ್ಳು ಗ್ರಾಫಾಗಿದ್ರೆ ಹೇಗೆ ಗೊತ್ತಾಗುತ್ತೆ?”

“ಮೆಟ್ಟಿಲಿನ ಎತ್ತರ ನೋಡಿ. ಪುಸ್ತಕದಲ್ಲಿ ಎಲ್ಲ ಮೆಟ್ಟಿಲೂ ಸಮ. ನಿಜವಾಗಿ ಅಳೆದ್ರೆ ಕರೆಂಟು ಹೋಗಿ ಬರೋ ದಾರಿಯ ರೆಸಿಸ್ಟೆನ್ಸೂ ಸೇರ್ಕೊಳ್ಳುತ್ತೆ, ಮೇಲೆ ಹೋದ ಹಾಗೆ ಮೆಟ್ಟಿಲು ಒಂದೊಂದು ಎಳೆ ಗಿಡ್ಡ ಆಗುತ್ತೆ. ಕಳ್ಳ ಸಮ ಬರೀತಾನೆ.”

ಮೂಲೆಯಲ್ಲಿ ಪಂಪಿಗೆ ಎಣ್ಣೆ ಹಾಕುತ್ತಿದ್ದ ಮೆಕ್ಯಾನಿಕ್ ನಲ್ಲಪ್ಪನನ್ನು ಸುಬ್ಬಲಕ್ಷ್ಮಮ್ಮ ಕರೆದರು. ಗ್ರಾಫು ಬರೆಯುವ ರೆಕಾರ್ಡರ್ ಯಂತ್ರವನ್ನು ಒಮ್ಮೆ ಓಡಿಸಿ ತೋರಿಸಬೇಕು ಎಂದರು.

ನಲ್ಲಪ್ಪ ಬೇಡವೆನ್ನಲಾಗದೆ ಹಾಳೆ ಹಾಸಿ ಸ್ವಿಚ್ಚು ಒತ್ತಿದ. ಪೆನ್ನಿನ ಗೂಡು ಸರಳಿನ ಮೇಲೆ ಸರಿದು ಬಂತು, ಟಕ್ಕೆಂದು ಇಳಿಯಿತು, ಒಂದು ನೀಲಿ ಗೆರೆ ಎಳೆಯಿತು. ನಲ್ಲಪ್ಪ ಗೆರೆ ಮುಗಿಯುವ ಮುಂಚೆಯೇ ಹಾಳೆಗೆ ಕೈ ಹಾಕಿದ.

“ಇರು. ಪೆನ್ನಲ್ಲಿರೋದು ನೀಲಿ ಶಾಯಿ. ಗೆರೆ ಶುರುವಾದ ಜಾಗದಲ್ಲಿ ಈ ಕೆಂಪು ಚುಕ್ಕೆ ಏನು?”

ನಲ್ಲಪ್ಪ ಬಾಗಿಲ ಕಡೆ ನೋಡಿದ. ಬಾಗಿಲ ಮೇಲೆ ಡೈರೆಕ್ಟರ್ ಡಾ. ವೆಂಕಟೇಶಪ್ಪನವರ ಸಹಿಯಿದ್ದ ಬೋರ್ಡು ತೂಗುತ್ತಿತ್ತು: ‘ಅಳತೆ ಕೋಣೆಯಲ್ಲಿ ಪೂಜೆ ನಿಷೇಧಿಸಲಾಗಿದೆ.’ ಹಿಂದೊಮ್ಮೆ ಅರಿಶಿನ ಕುಂಕುಮ ಸ್ವಿಚ್ಚಿನೊಳಗೆ ಉದುರಿ ತಿಂಗಳ ಅಳತೆ ಹಾಳಾದ ಮೇಲೆ ಬಂದ ಬೋರ್ಡು ಅದು. ವಿಜ್ಞಾನಕ್ಕೆ ಬೊಟ್ಟು ಬೇಕಿಲ್ಲ ಎಂದು ಡಾ. ವೆಂಕಟೇಶಪ್ಪ ಸಭೆಗಳಲ್ಲಿ ಹೇಳುತ್ತಿದ್ದರು. ಅವರ ಫಿಯೆಟ್ ಕಾರು ಮಾತ್ರ ಈ ಸಲವೂ ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತಿ ಇಳಿದಿತ್ತು.

“ಯಾರಿಗೂ ಏಳಬೇಡಿ ಅಮ್ಮಾ, ಸಾಹೇಬ್ರಿಗೆ ಗೊತ್ತಾದ್ರೆ ಕಿತ್ತಾಕ್ತಾರೆ,” ಎಂದ ನಲ್ಲಪ್ಪ ಗೋಗರೆಯುತ್ತ. “ಎಲ್ಲ ಮಿಷನ್ನಿಗೂ ಇಟ್ಟು ಇದೊಂದಕ್ಕೆ ಬಿಟ್ರೆ ಎಂಗೆ? ಓದ ವರ್ಷ ಎದ್ರಿಕೊಂಡು ಇಡಲಿಲ್ಲ. ವರ್ಷೆಲ್ಲ ಕೆಟ್ಕೊಂಡ್ ಕೂತಿತ್ತು. ಅದಕ್ಕೆ ಈ ಸಲ ಪೂಜೆ ದಿನ ಯಾರಿಗೂ ಕಾಣದಂಗೆ ಪೆನ್ನಿನ ಗೂಡೊಳಗೆ ಒಂಚೂರು ಕುಂಕುಮ ಒತ್ತಿಟ್ಟೆ. ಒಣಗೈತೆ. ಪೆನ್ನು ಟಕ್ಕಂತ ಇಳಿದಾಗ ಒಂದು ಕಣ ಉದುರ್ತೈತೆ, ಅಷ್ಟೆ.”

“ನಲ್ಲಪ್ಪಾ!” ಅನುಸೂಯ ಹತ್ತಿರ ಬಂದು ಚುಕ್ಕೆಯನ್ನೇ ದಿಟ್ಟಿಸಿದಳು. “ಪೂಜೆ ಆದ್ಮೇಲೆ ಬರೆದಿದ್ದಕ್ಕೆಲ್ಲ ಇದು ಬಿದ್ದಿರುತ್ತಾ? ಪ್ರತಿ ಗೆರೆಗೂ?”

“ಊಂ ಕಣವ್ವ. ಪ್ರತಿಯೊಂದಕ್ಕೂ.”

ಅವಳು ಇನ್ನೇನೂ ಕೇಳಲಿಲ್ಲ.

*

“ಮೇಡಂ, ಇದು ವಿಜ್ಞಾನ ಸಂಸ್ಥೆ. ಟೆಲಿಫೋನ್ ಎಕ್ಸ್‌ಚೇಂಜ್ ಅಲ್ಲ.”

“ಗೊತ್ತು ಸಾರ್. ಎಕ್ಸ್‌ಚೇಂಜಲ್ಲಿ ತಪ್ಪು ಲೈನು ಕೊಟ್ಟರೆ ನಾವು ಕ್ಷಮೆ ಕೇಳ್ತಿದ್ವಿ.”

ಡಾ. ವೆಂಕಟೇಶಪ್ಪನವರ ಕಿವಿ ಕೆಂಪಾಯಿತು. ಅವರ ಮುಂದೆ ಗಾಜು ಹಾಸಿದ ಮೇಜು, ಮೇಜಿನ ಮೇಲೆ ಆ ಗ್ರಾಫು, ಗ್ರಾಫಿನ ಮೇಲೆ ಬೋಲ್ಟ್ ಕಾರ್ಖಾನೆಯವರು ದೀಪಾವಳಿಗೆ ಕೊಟ್ಟಿದ್ದ ಅಂಗೈಯಗಲದ ಹಿತ್ತಾಳೆಯ ಪೇಪರ್‌ವೇಟು, ಪೇಪರ್‌ವೇಟಿನ ಮೇಲೆ ಅವರ ಕೈ. ಅನುಸೂಯಳಿಗೆ ಯಾರೂ ಕೂರು ಎನ್ನಲಿಲ್ಲ. ಅವಳು ಬಾಗಿಲ ಬಳಿಯೇ ನಿಂತಿದ್ದಳು.

“ನೋಡಿ. ಮುಟ್ಟಬೇಡಿ, ಇದು ಸಾಕ್ಷ್ಯ. ಸಮಿತಿ ಬರೋವರೆಗೆ ಯಾರೂ ಎತ್ತೋ ಹಾಗಿಲ್ಲ.”

ಸುಬ್ಬಲಕ್ಷ್ಮಮ್ಮ ಪಂಚಾಂಗ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಕೈಚೀಲದಿಂದ ತೆಗೆದು ಬಾಗಿದರು. ಎಡಗಡೆ ಕೆಳಗೆ ಗೆರೆ ಹುಟ್ಟಿತ್ತು. ಒಂದು ಮೆಟ್ಟಿಲು. ಇನ್ನೊಂದು ಮೆಟ್ಟಿಲು, ಮೊದಲಿನದಕ್ಕಿಂತ ಒಂದೆಳೆ ಗಿಡ್ಡ. ಅಲ್ಲಿಂದ ಮುಂದಕ್ಕೆ ಗೆರೆ ಹಿತ್ತಾಳೆಯ ಕೆಳಗೆ ಹೊಕ್ಕಿತ್ತು. ಅಂಚಿನಲ್ಲಿ ಪೂಜೆಯ ಹಿಂದಿನ ದಿನದ ತಾರೀಖು, ವಿಶಾಲವಾದ ಸಹಿ.

“ಇದನ್ನ ಪೂಜೆಗೆ ಮುಂಚೆ ತೆಗೆದದ್ದು?”

“ತಾರೀಖು ಓದಕ್ಕೆ ಬರುತ್ತಲ್ಲ ನಿಮಗೆ?”

“ಬರುತ್ತೆ. ಪೂಜೆ ದಿನ ನೀವು ಇಲ್ಲಿದ್ರಾ?”

“ನಾನು ಅದನ್ನೆಲ್ಲ ನಂಬಲ್ಲ. ಮನೇಲಿದ್ದೆ.”

“ಕಾರಿನ ಹತ್ರ.”

“ಅದು... ನಮ್ಮ ಮನೆಯವರ ಸಮಾಧಾನಕ್ಕೆ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?”

“ಗೆರೆ ಶುರುವಾದ ಜಾಗದಲ್ಲಿ ಕುಂಕುಮ ಇದೆ ಸಾರ್.”

ಡಾ. ವೆಂಕಟೇಶಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ಕುಂಕುಮ! ನನ್ನ ರೆಕಾರ್ಡರಿಗೆ! ಯಾವನು ಇಟ್ಟಿದ್ದು? ನಲ್ಲಪ್ಪನಾ? ಅವನನ್ನ ಈಗಲೇ...”

“ಈ ಗೆರೆ ಬರೆಯೋ ಹೊತ್ತಿಗೆ ಪೆನ್ನಿನಲ್ಲಿ ಪೂಜೆಯ ಕುಂಕುಮ ಕೂತಿತ್ತು. ಯಾರು ಇಟ್ಟರು ಅನ್ನೋದು ಆಮೇಲಿನ ಮಾತು.”

“ಆಮೇಲೆ ಎಲ್ಲಿಂದಲೋ ಉದುರಿರಬಹುದು! ಈ ಊರಲ್ಲಿ ಆ ವಾರ ಗಾಳಿಯಲ್ಲೇ ಕುಂಕುಮ ಇರುತ್ತೆ!”

ಸುಬ್ಬಲಕ್ಷ್ಮಮ್ಮ ಚುಕ್ಕೆಯನ್ನು ಊದಿದರು. ಸೆರಗಿನ ತುದಿಯಿಂದ ಒರೆಸಿದರು. ಚುಕ್ಕೆ ಅಲುಗಲಿಲ್ಲ. “ಒಣಗಿದ ಶಾಯಿ ಮೇಲೆ ಬಿದ್ದಿದ್ರೆ ಒರೆಸಿದ್ರೆ ಹೋಗ್ತಿತ್ತು. ಇದು ಹಸಿ ಶಾಯಿ ಕುಡಿದು ನೇರಳೆ ಬಣ್ಣ ಆಗಿದೆ ನೋಡಿ. ಪೂಜೆಗೆ ಮುಂಚೆ ಬರೆದ ಗೆರೆಗೆ ಪೂಜೆಯ ಕುಂಕುಮ ಅಂಟೋದು ಯಾವ ವಿಜ್ಞಾನ ಸಾರ್?”

ಡೈರೆಕ್ಟರರ ಕೈ ಪೇಪರ್‌ವೇಟನ್ನು ಬಿಟ್ಟು ಕುರ್ಚಿಯ ತೋಳು ಹಿಡಿಯಿತು.

“ನಾನು ತೆಗೆದದ್ದಲ್ಲ,” ಎಂದರು ಕೊನೆಗೆ.

“ಏನಂದ್ರಿ?” ಬಾಗಿಲ ಬಳಿಯಿಂದ ಅನುಸೂಯ.

“ರಜೆ ಮುಗಿಸಿ ಬಂದಾಗ ರೆಕಾರ್ಡರಿನ ಮೇಲೆ ಬಿದ್ದಿತ್ತು! ತಾರೀಖಿಲ್ಲ, ಹೆಸರಿಲ್ಲ. ತಂತಿ ಸತ್ತದ್ದು ಪೂಜೆಯ ಹಿಂದಿನ ದಿನ. ಸತ್ತ ತಂತಿ ಮೆಟ್ಟಿಲು ಬರೆಯುತ್ತಾ? ಬದುಕಿದ್ದಾಗಲೇ ಬರೆದಿರಬೇಕು ಅಂತ ತಾರೀಖು ಹಾಕಿದೆ. ಲಾಜಿಕ್ ಅಲ್ವೇನ್ರೀ?”

“ಸಹಿಯೂ ಲಾಜಿಕ್ಕೇ?”

“ನನ್ನ ತಂತಿ!” ಅನುಸೂಯಳ ದನಿ ಕಿಟಕಿಯ ಗಾಜಿಗೆ ಬಡಿಯಿತು. “ನಾನು ಬೆಸೆದ ತಂತಿ, ನಿಮ್ಮ ಸಹಿ! ಮೆಟ್ಟಿಲು ಬಂದ್ರೆ ನಿಮ್ಮದು, ಸತ್ತರೆ ನನ್ನದು! ಪೊಲೀಸ್ ಬೇರೆ ಕರೆಸ್ತೀರಾ? ನಾಚಿಕೆ ಆಗಲ್ವೇನ್ರೀ?”

“ನಾಲಿಗೆ ಬಿಗಿ ಹಿಡಿ!” ಸಿಕ್ಕಿಬಿದ್ದ ಮನುಷ್ಯನ ಸಿಟ್ಟಿಗೆ ದಾರಿ ಸಿಕ್ಕಿತ್ತು. “ನಿನ್ನ ತಂತಿಗೆ ಮೆಟ್ಟಿಲು ಬೇರೆ ಬರುತ್ತಾ? ಕನಸಲ್ಲೂ ಬರಲ್ಲ. ಈಗ ಅರ್ಥ ಆಯ್ತು ಮೇಡಂ. ಇದು ಯಾರೋ ನನ್ನ ಮೂರ್ಖ ಮಾಡಕ್ಕೆ ಗೀಚಿರೋದು. ಒಂದು ಬ್ಯಾಟರಿ, ತಿರುಗಿಸಕ್ಕೆ ಒಂದು ಗುಬುಟು ಇದ್ದರೆ ಯಾವ ಡಿಪ್ಲೊಮಾದವನೂ ಗೀಚ್ತಾನೆ. ಬರೀ ಕಸ!”

ಬೆಳಿಗ್ಗೆ ಇದೇ ಹಾಳೆ ರಾಷ್ಟ್ರದ ಹೆಮ್ಮೆಯಾಗಿತ್ತು. ಈಗ ಕಸ.

“ಗೀಚಿದ್ದಾ?” ಅನುಸೂಯ ಒಂದು ಹೆಜ್ಜೆ ಮುಂದಿಟ್ಟಳು. “ಯಾರಿಗ್ರೀ ಹೇಳ್ತೀರಾ ಕತೆ? ಗೀಚೋನು ನುಣ್ಣಗೆ ಗೀಚ್ತಾನೆ. ಮೂರನೇ ಮೆಟ್ಟಿಲು ನೋಡ್ರೀ! ನಡುವೆ ಕುಸಿದಿದೆ, ಬಲಗಡೆ ಮತ್ತೆ ಎದ್ದಿದೆ. ದಾರಿಯಲ್ಲಿ ಎಲ್ಲೋ ಒಂದು ಕೊಳೆ ಕೂತಿದೆ, ಎಲೆಕ್ಟ್ರಾನು ಅಲ್ಲಿ ಎಡವುತ್ತೆ. ಆ ಎಡವೋದನ್ನ ಯಾವನ್ರೀ ಗೀಚ್ತಾನೆ? ಇದು ಕಸ ಅಲ್ಲ. ಇದು ತಂತಿ. ಬದುಕಿರೋ ತಂತಿ!”

ಸುಬ್ಬಲಕ್ಷ್ಮಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಗೆದ್ದ ಹಾಗೆಯೇ. ಪೂಜೆಯ ನಂತರವೂ ತಂತಿ ಬದುಕಿತ್ತು ಎಂದಾದರೆ ಸಮಿತಿಗೆ ತೋರಿಸಲು ಪೆಟ್ಟಿಗೆಯಲ್ಲಿಟ್ಟಿರುವ ಸುಟ್ಟ ಚಿಪ್ ಬೇರೆ ಯಾವುದೋ. ಅನುಸೂಯ ಯಾವುದನ್ನೂ ಕೊಲ್ಲಲಿಲ್ಲ. ದೂರನ್ನು ಹರಿದು ಹಾಕಬಹುದು. ಗೇಟಿನ ಬಳಿಯ ತಾಯಿ ಮನೆಗೆ ಹೋಗಿ ಮಲಗಬಹುದು.

ಅವರು ಖುಷಿಯಿಂದಲೇ ಹಿತ್ತಾಳೆಯ ಪೇಪರ್‌ವೇಟನ್ನು ಎತ್ತಿದರು.

ಅದರ ಕೆಳಗಿತ್ತು ಮೂರನೆಯ ಮೆಟ್ಟಿಲು. ನಡುವೆ ಸ್ವಲ್ಪ ಕುಸಿದಿತ್ತು. ಬಲಗಡೆ ಮತ್ತೆ ಎದ್ದಿತ್ತು.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಈ ಗ್ರಾಫು ಇವತ್ತಿನವರೆಗೂ ತನ್ನ ಕಣ್ಣಿಗೆ ಬಿದ್ದಿಲ್ಲ ಎಂದಿದ್ದಳು ಅನುಸೂಯ.

ಆ ಚಿಪ್‌ಗೆ ಚಿನ್ನದ ಎಳೆ ಬೆಸೆಯೋ ಕೈ ಈ ಹೊಸೂರು ರೋಡಲ್ಲಿ ಇರೋದೇ ಒಂದು.

ಅವರು ನಿಧಾನವಾಗಿ ತಲೆಯೆತ್ತಿದರು. ಅನುಸೂಯ ಗ್ರಾಫನ್ನು ನೋಡುತ್ತಿರಲಿಲ್ಲ, ಡೈರೆಕ್ಟರರನ್ನೂ ನೋಡುತ್ತಿರಲಿಲ್ಲ. ಸುಬ್ಬಲಕ್ಷ್ಮಮ್ಮನ ಕೈಯಲ್ಲಿದ್ದ ಹಿತ್ತಾಳೆಯನ್ನು ನೋಡುತ್ತಿದ್ದಳು. ಬೆಳಗಿನಿಂದ ಉರಿಯುತ್ತಿದ್ದ ಆ ಮುಖದಲ್ಲಿ ಸಿಟ್ಟು ಪೂರ್ತಿ ಆರಿತ್ತು. ಸಿಟ್ಟಿಲ್ಲದ ಆ ಮುಖವೇ ಹೆದರಿಕೆ ಹುಟ್ಟಿಸುವಂತಿತ್ತು.

ಡಾ. ವೆಂಕಟೇಶಪ್ಪ ಇದ್ಯಾವುದನ್ನೂ ಗಮನಿಸದೆ, ನಲ್ಲಪ್ಪನನ್ನು ಕರೆಯಲು ಗಂಟೆಯನ್ನು ಒಂದೇ ಸಮ ಕುಟ್ಟುತ್ತಿದ್ದರು. ದೂರದಲ್ಲಿ ಚಿಕ್ಕಮುನಿಯಮ್ಮ ಕಾವಲುಗಾರನಿಗೆ ರೇಡಿಯೋದ ಕತೆಯನ್ನು ಮತ್ತೊಮ್ಮೆ ಹೇಳುತ್ತಿದ್ದರು.

ವರಾಂಡದಲ್ಲಿ ಬೂಟುಗಳ ಸದ್ದಾಯಿತು. ಬಾಗಿಲು ತೆರೆಯಿತು. ಎಲೆ ಅಡಿಕೆ ಮೆಲ್ಲುತ್ತ ಸಮಿತಿಯ ಅಧ್ಯಕ್ಷ ರಾಮಯ್ಯನವರು ಒಳಗೆ ಬಂದರು. ಹಿಂದೆ ಇಬ್ಬರು ಸದಸ್ಯರು, ಅವರ ಹಿಂದೆ ಟೋಪಿ ಕಂಕುಳಲ್ಲಿಟ್ಟುಕೊಂಡ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರು.

ಸುಬ್ಬಲಕ್ಷ್ಮಮ್ಮ ಪೇಪರ್‌ವೇಟನ್ನು ಮೂರನೆಯ ಮೆಟ್ಟಿಲ ಮೇಲೆ, ಇದ್ದ ಜಾಗದಲ್ಲೇ ಇಟ್ಟರು. ಅದರ ಮೇಲೆ ತಮ್ಮ ಕೈಯಿಟ್ಟರು.

“ಏನಮ್ಮ, ಏನೋ ಪತ್ತೆ ಹಚ್ಚಿದ್ದೀರಂತೆ?” ರಾಮಯ್ಯನವರು ಕುರ್ಚಿ ಎಳೆದುಕೊಂಡರು. “ಈ ಹುಡುಗಿಯದು ಏನೂ ತಪ್ಪಿಲ್ಲ ಅಂತೀರಾ?”

ಸುಬ್ಬಲಕ್ಷ್ಮಮ್ಮ ಬಾಯಿ ತೆರೆದರು. ಮೊದಲ ಮಾತಿಗೆ ಮುಂಚೆ, ಒಂದು ಸಣ್ಣ ಉಸಿರು ಎಳೆದುಕೊಂಡರು.